ಟೇಪಿನ ಆಚೆ ತುದಿ

ಇಲ್ಲದ್ದನ್ನು ಕಂಡೆ ಎನ್ನುವ ಇಂಥ ಬರಹ ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮೊದಲು ಹುಡುಕುತ್ತಿದ್ದದ್ದು, ಬರೆದವರು ಆ ಹೊತ್ತಿಗೆ ಊಟ ಮಾಡಿದ್ದರೋ ಇಲ್ಲವೋ ಎನ್ನುವುದನ್ನು. ಹಸಿದ ಹೊಟ್ಟೆಗೆ ಏನು ಬೇಕಾದರೂ ಕಾಣುತ್ತದೆ, ಕೇಳುತ್ತದೆ ಎಂದು ಗಟ್ಟಿಯಾಗಿ ನಂಬಿದವಳು ನಾನು. ಬಾಗಿಲು ಯಾವ ದಿಕ್ಕಿಗಿದ್ದರೆ ಮನೆಯಲ್ಲಿ ಯಾರಿಗೆ ಕೇಡು ಎಂದು ಕೇಳುವ ಪತ್ರಗಳಿಗೆ ಹದಿನೆಂಟು ವರ್ಷದಿಂದ ಉತ್ತರ ಬರೆದು ಬರೆದು ತಲೆ ಚಿಟ್ಟು ಹಿಡಿದಿದೆ. ಗಾಳಿ ಬೆಳಕು ಬರುವ ದಿಕ್ಕಿಗೆ ಬಾಗಿಲಿಡಿ, ಉಳಿದದ್ದನ್ನು ಮರೆತುಬಿಡಿ ಎನ್ನುವುದೇ ನನ್ನ ಉತ್ತರ. ಆದ್ದರಿಂದ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ. ಬೇಕಾದರೆ ಇದನ್ನೂ ಬರೆದುಕೊಳ್ಳಿ, ಅವತ್ತು ಬೆಳಿಗ್ಗೆ ಹುಣಸೂರಿನಿಂದ ಹೊರಡುವಾಗ ನಾನು ಮೂರು ಇಡ್ಲಿ ತಿಂದಿದ್ದೆ.

ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಬೇಕು. ಒಂದು ಮಾಸಪತ್ರಿಕೆಗೆ ಮನೆಗಳ ವಿನ್ಯಾಸ, ದುರಸ್ತಿ, ನವೀಕರಣದ ಬಗ್ಗೆ ಅಂಕಣ ಬರೆಯುತ್ತೇನೆ. ನಮ್ಮ ಕಡೆಯ ಮನೆಗಳಿಗೇ ಹೋಗಿ, ಅಳೆದು, ನಕ್ಷೆ ಬರೆದು, ಎಡಪುಟದಲ್ಲಿ 'ಈಗಿರುವ ಮನೆ', ಬಲಪುಟದಲ್ಲಿ 'ಹೀಗೆ ಮಾಡಬಹುದು' ಎಂದು ಕೊಡುವುದು ನನ್ನ ಕ್ರಮ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಾನು ಏನು ಬರೆದರೂ ಜನ ಅದರ ಉಲ್ಟಾ ಮಾಡುತ್ತಾರೆ. ಹಳೇ ಹೆಂಚಿನ ಮನೆಯಲ್ಲಿ ಬೇಸಿಗೆಗೂ ತಂಪಿರುತ್ತದೆ, ಉಳಿಸಿಕೊಳ್ಳಿ ಎಂದು ಬರೆದರೆ, ಆ ಲೇಖನವನ್ನೇ ಕೈಯಲ್ಲಿ ಹಿಡಿದುಕೊಂಡು ಹೆಂಚು ತೆಗೆಸಿ ಮೋಲ್ಡು ಹಾಕಿಸುತ್ತಾರೆ. ಪಿರಿಯಾಪಟ್ಟಣದ ಕಡೆಯ ಒಬ್ಬರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನನ್ನು ವಾಸದ ಮನೆ ಮಾಡುವುದು ಹೇಗೆ ಎಂದು ಕೇಳಿದ್ದರು. ಕಿಟಕಿಯೇ ಇಲ್ಲದ ಆ ಎತ್ತರದ ಗೋಡೆಗಳಿಗೆ ಎಲ್ಲೆಲ್ಲಿ ಕಿಟಕಿ ಒಡೆಯಬೇಕೆಂದು ಒಂದು ವಾರ ಕೂತು ಬರೆದುಕೊಟ್ಟೆ. ಅವರು ಕಿಟಕಿ ಬಿಟ್ಟು ಮಿಕ್ಕದ್ದೆಲ್ಲ ಮಾಡಿಸಿ, ಸೆಕೆ ಅಂತ ನನಗೇ ಫೋನು ಮಾಡಿದರು. ಇನ್ನು ನನ್ನ ಸ್ವಂತ ಮನೆಯ ಬಚ್ಚಲ ಬಾಗಿಲು ಹನ್ನೊಂದು ವರ್ಷದಿಂದ ಮುಚ್ಚುವುದಿಲ್ಲ. ಅದರ ಸುದ್ದಿ ಬೇಡ.

ಅಳತೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಟೇಪಿನ ಸೊನ್ನೆಯ ತುದಿಯನ್ನು ಮನೆಯವರು ಯಾರಾದರೂ ಗೋಡೆಗೆ ಒತ್ತಿ ಹಿಡಿಯಬೇಕು, ಹಿಡಿದ ಮೇಲೆ 'ಹೂಂ' ಅನ್ನಬೇಕು. ಆ ಹೂಂ ಕೇಳಿದ ಮೇಲೆಯೇ ನಾನು ಈ ತುದಿಯಲ್ಲಿ ಓದಿ ಬರೆದುಕೊಳ್ಳುವುದು. ಪ್ರತಿ ಅಳತೆಯ ಪಕ್ಕದಲ್ಲಿ ತುದಿ ಹಿಡಿದವರ ಹೆಸರಿನ ಮೊದಲ ಅಕ್ಷರವನ್ನೂ ಬರೆಯುತ್ತೇನೆ. ಶುರುವಿನ ದಿನಗಳಲ್ಲಿ ಕೆ.ಆರ್. ನಗರದ ಒಂದು ಮನೆಯಲ್ಲಿ ತುದಿ ಹಿಡಿದವರೊಬ್ಬರು ಟೀವಿ ನೋಡುತ್ತಾ ಗೋಡೆಯಿಂದ ಒಂದು ಗೇಣು ಈಚೆಗೇ ಹಿಡಿದು, ನನ್ನ ನಕ್ಷೆಯೆಲ್ಲ ಸೊಟ್ಟಗಾಗಿತ್ತು. ಅವತ್ತಿನಿಂದ ಈ ಅಭ್ಯಾಸ. ತಪ್ಪು ಯಾರ ಕೈಯಿಂದಾಯಿತು ಎಂದು ತಿಳಿಯಲಿ ಅಂತ.

ಏಳು ವರ್ಷದ ಹಿಂದೆ ಹನಗೋಡಿನ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಮನೆಯ ಯಜಮಾನರನ್ನು ಸ್ವಾಮಿ ಎಂದು ಕರೆಯುತ್ತೇನೆ. ಹೊಲ, ಎರಡು ಬ್ಯಾರನ್ನು, ರಸ್ತೆಗೆ ಮುಖ ಮಾಡಿದ ಹಳೇ ಮನೆ. ಅದನ್ನು ಒಡೆದು ಕಟ್ಟುವ ಬದಲು ಸರಿಮಾಡಿಸುವ ಆಸೆ ಅವರ ಹೆಂಡತಿ ಲತಾ ಅವರಿಗೆ. ನಾನು ಹೋದಾಗ ಸ್ವಾಮಿ ಹೊಲದಲ್ಲಿದ್ದರು, ಮಕ್ಕಳು ಸ್ಕೂಲಿಗೆ ಹೋಗಿದ್ದರು. ಎಲ್ಲ ಮನೆಯಲ್ಲೂ ಮೊದಲು ಕೇಳುವಂತೆ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ನಾಲ್ಕು ಜನ ಎಂದರು ಲತಾ. ನಾಲ್ಕು ಎಂದು ಬರೆದುಕೊಂಡೆ.

ಹನ್ನೊಂದು ಗಂಟೆಗೆ ಶುರುಮಾಡಿದೆವು. ಪಡಸಾಲೆ, ಎರಡು ಕೋಣೆ, ದೇವರಮನೆ, ಅಡಿಗೆಮನೆ. ಲತಾ ಚುರುಕು ಹೆಂಗಸು, ತುದಿಯನ್ನು ಸರಿಯಾಗಿ ಒತ್ತಿ ಹಿಡಿದು ಗಟ್ಟಿಯಾಗಿ ಹೂಂ ಅನ್ನುತ್ತಿದ್ದರು. ನನ್ನ ಅಳತೆ ಪುಸ್ತಕದಲ್ಲಿ ಸಾಲಾಗಿ 'ಲ' 'ಲ' ಎಂದು ಬರೆಯುತ್ತಾ ಹೋದೆ. ಅಡಿಗೆಮನೆ ಮುಗಿಯುವ ಹೊತ್ತಿಗೆ ಯಾರೋ ಸಂಘದವರು ಬಂದು ಕರೆದರು, ಲತಾ ಮುಂದಕ್ಕೆ ಹೋಗಿ ಕಾಲು ಗಂಟೆ ಮಾತಾಡುತ್ತಾ ನಿಂತರು. ಆ ಕಾಲು ಗಂಟೆ ನಾನೇನು ಮಾಡಿದೆ ಎನ್ನುವುದೇ ಈ ಬರಹದ ವಿಷಯ. ನನಗೆ ನೆನಪಿರುವುದು ಇಷ್ಟೇ. ಅಡಿಗೆಮನೆಯ ಹಿಂದೆ ಅಳೆಯುತ್ತಿದ್ದೆ. ಅಲ್ಲಿ ತಂಪಾಗಿತ್ತು. ಆಚೆ ತುದಿಯಿಂದ ಹೂಂ ಅನ್ನುವ ದನಿ ಕೇಳುತ್ತಿತ್ತು, ಸಣ್ಣ ದನಿ. ಟೇಪು ಆ ಕಡೆಗೆ ಇಳಿಜಾರಾಗಿತ್ತು. "ಸ್ವಲ್ಪ ಮೇಲಕ್ಕೆ ಹಿಡೀರಿ, ಓರೆಯಾಗುತ್ತೆ" ಎಂದು ತುಸು ಸಿಡುಕಿನಿಂದಲೇ ಹೇಳಿದೆ. ಅವರು ಮೇಲಕ್ಕೆ ಹಿಡಿಯಲಿಲ್ಲ. ಕೊನೆಗೆ ನಾನೇ ಈ ತುದಿಯನ್ನು ಬಗ್ಗಿ ಕೆಳಗೆ ಹಿಡಿದು ಓದಿದೆ. ಮುಖ ನೋಡಿದೆನೇ? ಇಲ್ಲ. ಅಳೆಯುವಾಗ ನಾನು ಅಂಕಿ ನೋಡುತ್ತೇನೆ, ಮುಖ ನೋಡುವುದಿಲ್ಲ. ಮನೆಯವರು ಯಾರೋ ಹಿಡಿದಿದ್ದಾರೆ ಎಂದುಕೊಂಡಿದ್ದೆ, ಅಷ್ಟೇ. ಆಮೇಲೆ ಲತಾ ಬಂದು ಕಾಫಿ ಕೊಟ್ಟರು, ಕುಡಿದು ಬಸ್ಸು ಹತ್ತಿದೆ.

ಮಾರನೇ ಬೆಳಿಗ್ಗೆ ನಕ್ಷೆ ಬರೆದೆ. ಅಳತೆಗಳು ಒಂದಕ್ಕೊಂದು ಚೆನ್ನಾಗಿ ಕೂತವು. ಅಡಿಗೆಮನೆಯ ಹಿಂದೆ ಒಂದು ಪುಟ್ಟ ಕೋಣೆ, ಒಳಗೆ ಒಂಬತ್ತಡಿ ನಾಲ್ಕಿಂಚು ಉದ್ದ, ಏಳಡಿ ಎರಡಿಂಚು ಅಗಲ. ಅಡಿಗೆಮನೆಯಿಂದಲೇ ಅದಕ್ಕೆ ಬಾಗಿಲು. ಒಂದು ಚಿಕ್ಕ ಕಿಟಕಿ. ಪಕ್ಕದ ಗೋಡೆಯಲ್ಲಿ ಒಂದು ಗೂಡು. ಗೂಡಿನ ಎದುರು ನನ್ನದೇ ಅಕ್ಷರದಲ್ಲಿ, 'ನೆಲದಿಂದ ಎರಡಡಿ ಒಂದಿಂಚು. ಯಾಕಿಷ್ಟು ಕೆಳಗೆ? ಕೇಳಬೇಕು' ಎಂದಿತ್ತು. ಕೇಳುವುದು ಮರೆತಿದ್ದೆ. ಸಾಮಾನ್ಯವಾಗಿ ಅಚ್ಚಿಗೆ ಕೊಡುವ ಮೊದಲು ನಕ್ಷೆಯನ್ನು ಮನೆಯವರಿಗೆ ತೋರಿಸುತ್ತೇನೆ. ಆ ತಿಂಗಳು ಸಂಪಾದಕರು ದಿನಕ್ಕೆರಡು ಸಲ ಫೋನು ಮಾಡಿ ಪ್ರಾಣ ತಿನ್ನುತ್ತಿದ್ದರು, ತೋರಿಸದೆ ಕಳಿಸಿಬಿಟ್ಟೆ. ಬಲಪುಟದಲ್ಲಿ ನನ್ನ ಸಲಹೆ ಹೀಗಿತ್ತು: ಹಿಂಬದಿಯ ಈ ಪುಟ್ಟ ಕೋಣೆ ಯಾರಿಗೂ ಉಪಯೋಗವಿಲ್ಲ, ತೆಗೆದರೆ ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಒಳ್ಳೆಯ ಜಾಗವಾಗುತ್ತದೆ.

ಪತ್ರಿಕೆ ಬಂದ ಎರಡನೇ ದಿನ ಸ್ವಾಮಿ ಫೋನು ಮಾಡಿದರು.

"ಮೇಡಂ, ಇಲ್ಲದ ಕೋಣೆನ ಎಲ್ಲಿಂದ ತಂದ್ರಿ? ನಮ್ಮಕ್ಕ ಹೇಳ್ಕೊಟ್ಲಾ? ಊರೋರೆಲ್ಲ ಪತ್ರಿಕೆ ಹಿಡ್ಕಂಡು ನಮ್ಮನೆ ಮುಂದಕ್ಕೆ ಬತ್ತಾವ್ರೆ."

ನಾನು ಕೇಳಿದ ಮೊದಲ ಮಾತು, "ನಿಮಗೆ ಅಕ್ಕ ಇದ್ದಾರಾ?"

ಅವರು "ಇವತ್ತೇ ಬಂದ್ಬುಡಿ" ಎಂದು ಫೋನು ಇಟ್ಟರು.

ನನಗೆ ಮೈ ಉರಿದುಹೋಯಿತು. ಇದ್ದ ಕೋಣೆಯನ್ನೇ ಇಲ್ಲ ಅನ್ನುವವರು ಎಂಥವರಿರಬೇಕು, ಪುಸ್ತಕವನ್ನೇ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡು ಹನ್ನೆರಡು ಗಂಟೆ ಬಸ್ಸಿಗೆ ಹೋದೆ. ನೇರವಾಗಿ ಅಡಿಗೆಮನೆಗೆ ನುಗ್ಗಿದೆ. ಹಿಂದುಗಡೆಯ ಗೋಡೆಯಲ್ಲಿ ಬಾಗಿಲಿರಲಿಲ್ಲ. ಬಾಗಿಲಿದ್ದ ಜಾಗ ಎಂದು ನನ್ನ ಪುಸ್ತಕ ಹೇಳುವ ಕಡೆ ಸಿಮೆಂಟಿನ ಗಾರೆ, ಅದರ ಮೇಲೆ ಡಬ್ಬಗಳ ಕಪಾಟು. ಸುತ್ತು ಹಾಕಿ ಹಿತ್ತಲಿಗೆ ಹೋದರೆ ಬಯಲು. ಕರಿಬೇವಿನ ಗಿಡ, ಒಗೆಯುವ ಕಲ್ಲು, ಬಟ್ಟೆ ಒಣಗಿಸುವ ತಂತಿ. ಬಿಸಿಲು ಹೊಡೆಯುತ್ತಿತ್ತು. ಅಳೆದ ದಿನ ಅಲ್ಲಿ ತಂಪಿತ್ತು ಎನ್ನುವುದು ನೆನಪಾಯಿತು.

ಒಗೆಯುವ ಕಲ್ಲಿನ ಪಕ್ಕದಲ್ಲಿ ಅರವತ್ತರ ಹತ್ತಿರದ ಒಬ್ಬ ಹೆಂಗಸು ನಿಂತಿದ್ದರು. ಸ್ವಾಮಿಯ ಅಕ್ಕ ದೇವಮ್ಮ. ಮದುವೆಯಾದ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಅಲ್ಲಿಂದ ಇಲ್ಲಿಯವರೆಗೆ ಈ ಮನೆಯ ಹೊಲಮನೆ ಕೆಲಸವೆಲ್ಲ ಅವರದೇ. ಆ ಮನೆಯ ಐದನೆಯವರು. ಲತಾ ನನಗೆ ಲೆಕ್ಕ ಹೇಳುವಾಗ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಅವರಿಗೆ ನೆನಪೇ ಆಗಿರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಆಮೇಲೆ ನನ್ನ ಮೇಲೂ ಸಿಟ್ಟು ಬಂತು. ಪಡಸಾಲೆಯ ಮೂಲೆಯಲ್ಲಿ ಸುತ್ತಿಟ್ಟಿದ್ದ ಚಾಪೆ, ದಿಂಬನ್ನು ನಾನು ಅವತ್ತೇ ನೋಡಿದ್ದೆ. ಅಳತೆಗೆ ಅಡ್ಡ ಬರುತ್ತದೆಂದು ಕಾಲಿನಲ್ಲಿ ಪಕ್ಕಕ್ಕೆ ಸರಿಸಿದ್ದೆ.

ವಿಷಯ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಡಿಗೆಮನೆಯ ಹಿಂದೆ ಒಂದು ಮಣ್ಣಿನ ಕೋಣೆ ಇದ್ದದ್ದು ನಿಜ. ಅವರ ತಾಯಿ ಕೊನೆಯ ವರ್ಷಗಳನ್ನು ಅಲ್ಲೇ ಕಳೆದರು. ಈ ಕೋಣೆ ದೇವಿಗೆ, ಅವಳಿರುವವರೆಗೆ ಅವಳದು ಎಂದು ಊರ ನಾಲ್ಕು ಜನರ ಮುಂದೆ ಹೇಳಿ ಕಣ್ಣು ಮುಚ್ಚಿದ್ದರು. ವರ್ಷ ತುಂಬುವ ಮೊದಲೇ, ದೇವಮ್ಮ ಒಂದು ಮದುವೆಗೆ ಹೋಗಿದ್ದ ದಿನ, ಸ್ವಾಮಿ ಆಳು ಬಿಟ್ಟು ಕೋಣೆಯನ್ನು ಕೆಡವಿಸಿದ್ದರು. ಗೋಡೆ ಬಿರುಕು ಬಿಟ್ಟಿತ್ತು, ಮಕ್ಕಳ ಮೇಲೆ ಬೀಳುತ್ತಿತ್ತು ಎನ್ನುವುದು ಅವರ ಮಾತು. ಇರಬಹುದು. ಅದಾಗಿ ಐದು ವರ್ಷ ಕಳೆದಿತ್ತು, ಊರು ಮರೆತಿತ್ತು. ಈಗ ನನ್ನ ನಕ್ಷೆ ಅದನ್ನು ಅಳತೆ ಸಮೇತ ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಟ್ಟಿತ್ತು. ತಮ್ಮನ ಮಾನ ಕಳೆಯುವುದಕ್ಕೆ ಅಕ್ಕ ಪತ್ರಿಕೆಯವರ ಕಿವಿ ಊದಿದ್ದಾಳೆ ಎಂದು ಸ್ವಾಮಿ ಖಚಿತ ಮಾಡಿಕೊಂಡಿದ್ದರು. ಒಪ್ಪಿಕೊಳ್ಳದಿದ್ದರೆ ಸಾಲಿಗ್ರಾಮದ ತಂಗಿಯ ಮನೆಗೆ ಹೋಗಿ ಇರಲಿ ಎಂದು ಬೆಳಿಗ್ಗೆಯೇ ಹೇಳಿಯಾಗಿತ್ತು. ಆ ತಂಗಿಯೇ ಅಳಿಯನ ಮನೆಯ ಹಂಗಿನಲ್ಲಿ ಇದ್ದರು.

ದೇವಮ್ಮ ನನ್ನನ್ನು ಹಿತ್ತಲಲ್ಲಿ ಒಬ್ಬಳನ್ನೇ ನಿಲ್ಲಿಸಿಕೊಂಡು ಕೇಳಿದರು.

"ನೀವು ಅಳೆಯಕ್ಕೆ ಬಂದ ದಿನ ನಾನು ಸಾಲಿಗ್ರಾಮದಲ್ಲಿದ್ದೆ ಕಣವ್ವ. ನಿಮ್ಮ ಮೊಕ ನೋಡ್ತಿರೋದೇ ಇವತ್ತು. ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಲಿಲ್ಲ, ನಾನೇ ಅಳೆದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕಾಲಿನಿಂದ ಸೋಪಿನ ನೊರೆ ಸರಿಸಿ ನೆಲ ತೋರಿಸಿದರು. ಗೋಡೆ ಕೆಡವಿದ್ದರೂ ಅಡಿಪಾಯದ ಕಲ್ಲು ಕಿತ್ತಿರಲಿಲ್ಲ, ನೆಲದ ಮಟ್ಟಕ್ಕೆ ಹಾಗೇ ಇತ್ತು. ನಾನು ಟೇಪು ತೆಗೆದೆ. ದೇವಮ್ಮ ತುದಿ ಹಿಡಿದರು, ನಾನು ಹೇಳಿಕೊಡದೆಯೇ ಹೂಂ ಅಂದರು. ಒಳಅಂಚಿನಿಂದ ಒಳಅಂಚಿಗೆ ಒಂಬತ್ತಡಿ ನಾಲ್ಕಿಂಚು. ಅಗಲ ಏಳಡಿ ಎರಡಿಂಚು.

ಕಲ್ಲಿನ ಸಾಲನ್ನು ಮೊದಲ ದಿನವೇ ನೋಡಿ, ಅಳೆದು, ಮರೆತಿದ್ದೇನೆ ಎಂದು ನಾನು ಗಟ್ಟಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಗೂಡಿನ ವಿಷಯ ಎತ್ತಿದರು. ನಕ್ಷೆಯಲ್ಲಿ ಗೂಡು ಎಂದು ಬರೆದಿದ್ದೀರಿ, ಎಷ್ಟು ಎತ್ತರದಲ್ಲಿತ್ತು ಎಂದು ಕೇಳಿದರು. ಪತ್ರಿಕೆಯಲ್ಲಿ ಎತ್ತರ ಹಾಕಿರಲಿಲ್ಲ. ನಾನು ಪುಸ್ತಕ ನೋಡಿ, ಟೇಪನ್ನು ನೆಲದಿಂದ ಎತ್ತಿ ಎರಡಡಿ ಒಂದಿಂಚಿಗೆ ಬೆರಳಿಟ್ಟೆ. ದೇವಮ್ಮ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

"ಅವ್ವುಂಗೆ ಕೊನೆಕೊನೆಗೆ ಎದ್ದು ನಿಲ್ಲಕ್ಕೆ ಆಗ್ತಿರ್ನಿಲ್ಲ. ಕೂತಲ್ಲಿಂದ್ಲೇ ಎಲೆಅಡ್ಕೆಗೆ ಕೈ ಎಟುಕ್ಲಿ ಅಂತ ನಾನೇ ಸೊಪ್ಪು ಕೊಯ್ಯೋ ಕುಡ್ಲು ಮೊನೇಲಿ ಕೊರ್ದಿದ್ದು. ತಮ್ಮ ಆ ಕೋಣೆ ಒಳಿಕೆ ಕಾಲಿಟ್ಟೋನೇ ಅಲ್ಲ. ಅದ್ರ ಎತ್ರ ನಂಗೂ ಅವ್ವುಂಗೂ ಬುಟ್ಟು ಯಾರ್ಗೂ ಗೊತ್ತಿಲ್ಲ."

ದೇವಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಪುಸ್ತಕ ಇಸಿದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು. 'ಲ' ಅಂದರೆ ಲತಾ, ಟೇಪು ಹಿಡಿದವರ ಹೆಸರು ಎಂದು ನಾನು ವಿವರಿಸುತ್ತಿದ್ದೆ. ಅವರ ಬೆರಳು ಆ ಕೋಣೆಯ ಐದು ಅಳತೆಗಳ ಹತ್ತಿರ ನಿಂತಿತು. ಅಲ್ಲಿ 'ಲ' ಇರಲಿಲ್ಲ. ಐದು ಕಡೆಯೂ 'ತಾ' ಎಂದಿತ್ತು. ನಕ್ಷೆ ಬರೆಯುವಾಗ ನಾನು ಅಂಕಿ ನೋಡಿದ್ದೆನೇ ಹೊರತು ಆ ಅಕ್ಷರಗಳ ಕಡೆ ಕಣ್ಣು ಹಾಯಿಸಿರಲಿಲ್ಲ. ನನ್ನದೇ ಪೆನ್ನು, ನನ್ನದೇ ಅಕ್ಷರ.

"ನಮ್ಮವ್ವನ ಹೆಸ್ರು ತಾಯಮ್ಮ" ಎಂದರು ದೇವಮ್ಮ. ಹೆದರಿಕೆಯಾಗಲಿ ಅಳುವಾಗಲಿ ಆ ಮಾತಿನಲ್ಲಿ ಇರಲಿಲ್ಲ. ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ನನಗೆ ವಾಪಸು ಕೊಟ್ಟರು.

ಸ್ವಾಮಿಗೆ ಅದನ್ನು ತೋರಿಸಿದೆ. ಅವರು ಓದಲೇ ಇಲ್ಲ. "ಈ ಕಾಗಕ್ಕ ಗುಬ್ಬಕ್ಕನ ಕತೆ ಬ್ಯಾಡ ಮೇಡಂ. ತಪ್ಪಾಗೈತೆ ಅಂತ ಪತ್ರಿಕೇಲಿ ಹಾಕ್ಸಿ. ಇಲ್ಲ ಅಂದ್ರೆ ಅಕ್ಕ ನಾಳೆನೇ ಗಂಟು ಕಟ್ಲಿ" ಎಂದರು. ನಾನು ವಾದ ಮಾಡಿದೆ. ದೇವಮ್ಮ ಏನೂ ಹೇಳಿಕೊಟ್ಟಿಲ್ಲ ಎಂದು ಆಣೆ ಮಾಡಿದೆ. ಹಾಗಾದರೆ ನಿಮಗೆ ಹೇಗೆ ಗೊತ್ತಾಯಿತು ಎಂದು ಸ್ವಾಮಿ ಕೇಳಿದಾಗ ಮತ್ತೆ ಪುಸ್ತಕವನ್ನೇ ಮುಂದಕ್ಕೆ ಹಿಡಿದೆ. ಅಷ್ಟು ವರ್ಷ ಎಂಥೆಂಥವರಿಗೆ ಏನೇನೋ ಉಪದೇಶ ಮಾಡಿದ್ದೆ. ಬೇಕಾದ ಹೊತ್ತಿಗೆ ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ನನ್ನನ್ನು ಬಿಡಿಸಿದವರು ದೇವಮ್ಮನೇ.

"ಬರ್ಕೊಟ್ಬುಡಿ ಅವ್ವಾ. ನಂಗೇನು, ಪಡಸಾಲೇಲಿ ಚಾಪೆ ಹಾಸ್ಕಳಕ್ಕೆ ಜಾಗ ಇದ್ರೆ ಸಾಕು." ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದಾಗ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಬುಕ್ಕಲ್ಲಿರೋದ್ನ ಮಾತ್ರ ಹೊಡ್ದಾಕ್ಬೇಡಿ."

ಮನೆಗೆ ಬಂದು ನಾನು ಮಾಡದ ಕಸರತ್ತಿಲ್ಲ. ಆ ವಾರ ಅಳೆದಿದ್ದ ಬೇರೆ ಮನೆಗಳ ಅಳತೆ ಇದರಲ್ಲಿ ಬೆರೆತಿರಬೇಕೆಂದು ಎಲ್ಲ ಪುಟ ತಿರುವಿದೆ. ಒಂದೂ ಹೊಂದಲಿಲ್ಲ. ಅವುಗಳಲ್ಲಿ ಪಿರಿಯಾಪಟ್ಟಣದ ಒಂದು ಮನೆಯಲ್ಲಿ ಟೇಪು ಹಿಡಿದವರ ಹೆಸರು ತಾರಾ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿ ಫೋನು ಮಾಡಿ ಕೇಳಿದೆ. ಸುಶೀಲಾ ಎಂದರು. ಗಾರೆ ಮೆತ್ತಿದ ಬಾಗಿಲ ಗುರುತು ನೋಡಿ ನಾನೇ ಒಂದು ಕೋಣೆಯನ್ನು ಊಹಿಸಿಕೊಂಡೆನೇ? ಹಾಗಿದ್ದರೂ ಊಹೆಗೆ ಗೂಡು ಯಾಕೆ ಬೇಕಿತ್ತು, ಅದೂ ಅಷ್ಟು ಕೆಳಗೆ? 'ಯಾಕಿಷ್ಟು ಕೆಳಗೆ' ಎಂದು ಬರೆಯುವುದಕ್ಕೆ ನಾನು ಅದನ್ನು ನೋಡಿರಬೇಕಲ್ಲ. ಮೇಲಕ್ಕೆ ಹಿಡೀರಿ ಎಂದು ಸಿಡುಕಿದ್ದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಯಾರಿಗೆ ಅಂದೆ, ಯಾರೂ ಇಲ್ಲದಲ್ಲಿ ಅಂದೆನೇ, ಗೊತ್ತಿಲ್ಲ. ಏಳು ವರ್ಷದಿಂದ ಇದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಸುಸ್ತಾಗಿದ್ದೇನೆ.

ಮುಂದಿನ ಸಂಚಿಕೆಯಲ್ಲಿ, ಕೊನೆಯ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಬಂತು. 'ಕಳೆದ ಸಂಚಿಕೆಯ ನಕ್ಷೆಯಲ್ಲಿ ಅಡಿಗೆಮನೆಯ ಹಿಂದೆ ತೋರಿಸಿರುವ ಕೋಣೆ ಆ ಮನೆಯಲ್ಲಿ ಇಲ್ಲ. ಲೇಖಕಿಯ ಕಣ್ತಪ್ಪಿನಿಂದ ಹೀಗಾಗಿದೆ, ವಿಷಾದಿಸುತ್ತೇವೆ.' ಸಂಪಾದಕರು ಬೈದರು. ಅದು ಬಿಡಿ. ಸ್ವಾಮಿ ಅದನ್ನು ಊರಲ್ಲೆಲ್ಲ ತೋರಿಸಿಕೊಂಡು ಬಂದರಂತೆ. ದೇವಮ್ಮ ಆ ಮನೆಯಲ್ಲೇ ಉಳಿದರು. ಮನೆ ನನ್ನ ಬಲಪುಟದ ಸಲಹೆಯಂತೆಯೇ ಸರಿಹೋಯಿತು. ನಾನು ಬರೆದದ್ದನ್ನು ಚಾಚೂ ತಪ್ಪದೆ ಮಾಡಿದ ಒಂದೇ ಮನೆ ಅದು. ಅಡಿಪಾಯದ ಕಲ್ಲು ಕಿತ್ತು, ಟೈಲ್ಸು ಹಾಕಿ, ಶೀಟಿನ ಕೆಳಗೆ ವಾಷಿಂಗ್ ಮಷೀನು ಇಟ್ಟಿದ್ದಾರೆ.

ಹೋದ ವರ್ಷ ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ದೇವಮ್ಮ ಸಿಕ್ಕಿದರು. ಕಣ್ಣಿನ ಪೊರೆ ತೋರಿಸಿಕೊಳ್ಳಲು ಬಂದಿದ್ದರು. ನಾನೇ ಹೋಗಿ ಮಾತಾಡಿಸಿದೆ. ಈಗ ಎಲ್ಲಿ ಮಲಗುತ್ತೀರಿ ಎಂದು ಕೇಳಬೇಕೆಂದಿದ್ದೆ, ಅದನ್ನು ಬಿಟ್ಟು ಕಣ್ಣಿನ ವಿಷಯ ಕೇಳಿದೆ. ಅವರು ಕೇಳಿದ್ದು ಒಂದೇ.

"ಬುಕ್ಕು ಐತಾ?"

ಇದೆ ಎಂದೆ. ಹೊಡೆದುಹಾಕಿಲ್ಲ ಎಂದೆ. "ಹೂಂ" ಎಂದರು. ಹನಗೋಡಿನ ಬಸ್ಸು ಬಂತು, ಹತ್ತಿಕೊಂಡು ಹೋದರು.

ಪುಸ್ತಕ ನನ್ನ ಮೇಜಿನ ಖಾನೆಯಲ್ಲಿದೆ. ಅದರೊಳಗಿನ ಆ ಐದು ಸಾಲು ಹೇಗೆ ಬಂದವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗುವ ಆಸೆಯನ್ನೂ ಬಿಟ್ಟಿದ್ದೇನೆ. ತಿದ್ದುಪಡಿಯ ವಿಷಯದಲ್ಲಿ ಮಾತ್ರ ಅಂಥ ಅನುಮಾನವಿಲ್ಲ. ಅದನ್ನು ಹಾಡುಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ, ನಾನೊಬ್ಬಳೇ ಕೂತು ಬರೆದೆ. ಆಚೆ ತುದಿಯನ್ನು ಯಾರೂ ಹಿಡಿದಿರಲಿಲ್ಲ.